ಕಾನೂನಿನ ಕರಪತ್ರಕ್ಕೂ ಮೊಳಕೆ ಪರೀಕ್ಷೆ

ಬಿತ್ತನೆಗೆ ಮುಂಚೆ ಬೀಜದ ಮೊಳಕೆ ಪರೀಕ್ಷಿಸುವ ಪದ್ಧತಿ ರೈತರಿಗೆ ಹೊಸದಲ್ಲ. ನೂರು ಕಾಳುಗಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ಎಣಿಸುತ್ತಾರೆ. ಪ್ರಮಾಣಿತ ಭತ್ತದ ಬೀಜವಾದರೆ ನೂರರಲ್ಲಿ ಕನಿಷ್ಠ 80 ಮೊಳೆಯಬೇಕು. ಆದರೆ ಜಮೀನಿನ ಹಕ್ಕಿನ ಬಗ್ಗೆ ಹಂಚುವ ಕರಪತ್ರವನ್ನು ಹೀಗೆ ಪರೀಕ್ಷಿಸುವ ರೂಢಿ ಕಡಿಮೆ. ಕೆಟ್ಟ ಬೀಜದಿಂದ ಒಂದು ಬೆಳೆ ಹೋದೀತು. ತಪ್ಪು ತಿಳಿವಳಿಕೆಯಿಂದ ಜಮೀನೇ ಹೋದೀತು.

ಕರಪತ್ರವನ್ನು ಸಾಮಾನ್ಯವಾಗಿ ವಕೀಲರು ಬರೆದುಕೊಡುತ್ತಾರೆ. ಅಚ್ಚಿಗೆ ಮುನ್ನ ಓದಿ ಅಭಿಪ್ರಾಯ ಹೇಳಿರೆಂದರೆ, ರೈತರು "ವಕೀಲರು ಬರೆದದ್ದು, ಚೆನ್ನಾಗಿಯೇ ಇದೆ" ಎಂದು ಹಿಂದಿರುಗಿಸುವುದುಂಟು. ಇದು ಮರ್ಯಾದೆಯ ಮಾತಾಯಿತೇ ಹೊರತು ಉಪಯೋಗದ ಮಾತಾಗಲಿಲ್ಲ. ಕಾನೂನು ಬಲ್ಲವರು ವಕೀಲರು. ಓದಿದವರಿಗೆ ಏನು ಅರ್ಥವಾಯಿತೆಂದು ಬಲ್ಲವರು ಓದುಗರು ಮಾತ್ರ. ಇಬ್ಬರೂ ಕೂಡಿದರೇ ಕರಪತ್ರ ಸರಿಯಾಗುವುದು.

ಒಂದು ಉದಾಹರಣೆ

ದಾವಣಗೆರೆ ನಗರಕ್ಕೆ ಹೊಂದಿಕೊಂಡಿರುವ ಶಾಮನೂರಿನಲ್ಲಿ ಹಂಚಲು ಒಂದು ಕರಪತ್ರದ ಕರಡು ಸಿದ್ಧವಾಗಿದೆ ಎಂದು ಭಾವಿಸಬಹುದು. ಭದ್ರಾ ನಾಲೆಯ ನೀರಿನ ಈ ಸೀಮೆಯಲ್ಲಿ ನಗರ ಬೆಳೆದಂತೆಲ್ಲ ಜಮೀನಿನ ಬೆಲೆ ಏರಿದೆ. ಬೆಲೆ ಏರಿದ ಕಡೆ ಪಾಲಿನ ತಕರಾರು ಏಳುವುದು ಸಹಜ. ಕರಡಿನಲ್ಲಿ ಮೂರು ವಾಕ್ಯಗಳಿವೆ:

1. ಪಹಣಿಯಲ್ಲಿ ಹೆಸರಿರುವವರೇ ಜಮೀನಿನ ಮಾಲೀಕರು.

2. 2005ರ ತಿದ್ದುಪಡಿಯ ಮೇರೆಗೆ ಎಲ್ಲ ಹೆಣ್ಣುಮಕ್ಕಳಿಗೂ ತಂದೆಯ ಆಸ್ತಿಯಲ್ಲಿ ಸಮಪಾಲು ಉಂಟು.

3. ಸಹಪಾಲುದಾರರು ತಮ್ಮ ಹಿತಾಸಕ್ತಿಯನ್ನು ಪರಿತ್ಯಜಿಸುವ ದಸ್ತಾವೇಜನ್ನು ನಿಷ್ಪಾದಿಸಿದಲ್ಲಿ ತದನಂತರ ಹಕ್ಕು ಸಾಧಿಸಲು ಅವಕಾಶವಿರದು.

ಮೊದಲನೆಯದು ತಪ್ಪು, ಎರಡನೆಯದು ಅರ್ಧ ನಿಜ, ಮೂರನೆಯದು ಅರ್ಥವೇ ಆಗದು. ಮೂರು ದೋಷಗಳಿಗೂ ಹೇಳಬೇಕಾದ ಸಲಹೆ ಬೇರೆ ಬೇರೆ.

ತಪ್ಪು ವಾಕ್ಯ

ಪಹಣಿ ಕಂದಾಯದ ದಾಖಲೆ. ಅದರಲ್ಲಿರುವ ನಮೂದನ್ನು, ತಪ್ಪೆಂದು ಸಾಬೀತಾಗುವವರೆಗೆ ಸರಿಯೆಂದು ಭಾವಿಸಬೇಕೆಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೆಯ ಪ್ರಕರಣ ಹೇಳುತ್ತದೆ. ಎಂದರೆ ಅದೊಂದು ಸಾಕ್ಷ್ಯ; ಅದೇ ಹಕ್ಕಲ್ಲ. ಹಕ್ಕು ಬರುವುದು ಕ್ರಯಪತ್ರ, ವಿಭಾಗಪತ್ರ, ವಾರಸು ಮುಂತಾದವುಗಳಿಂದ. ತಂದೆ ತೀರಿಕೊಂಡ ಮೇಲೆ ಹಿರಿಯ ಮಗನೊಬ್ಬನ ಹೆಸರಿಗೆ ಖಾತೆಯಾದ ಮಾತ್ರಕ್ಕೆ ಉಳಿದವರ ಪಾಲು ಅಳಿಯುವುದಿಲ್ಲ. ಕರಡಿನ ವಾಕ್ಯವನ್ನು ನಂಬಿದ ತಂಗಿ ಕೇಳದೆ ಸುಮ್ಮನಾದಾಳು. ಜಮೀನು ಕೊಳ್ಳುವವನು ಬೇರೆ ಪತ್ರ ನೋಡದೆ ಹಣ ಕೊಟ್ಟಾನು.

ಸಲಹೆ ಕೊಡುವವರು "ಇದು ತಪ್ಪು" ಎಂದಷ್ಟೇ ಬರೆದರೆ ಸಾಲದು. ಯಾವ ವಾಕ್ಯ, ಅದನ್ನು ನಂಬಿದವರಿಗೆ ಆಗುವ ನಷ್ಟವೇನು, ಯಾವ ಕಾಯ್ದೆಯ ಯಾವ ಪ್ರಕರಣ ನೋಡಬೇಕು, ಈ ಮೂರನ್ನೂ ಬರೆಯಬೇಕು. ಪ್ರಕರಣದ ಸಂಖ್ಯೆ ಗೊತ್ತಿಲ್ಲದಿದ್ದರೆ ಪ್ರಶ್ನೆಯ ರೂಪದಲ್ಲಿ ಕೇಳಬಹುದು: "ಖಾತೆ ಅಣ್ಣನ ಹೆಸರಿಗಿದ್ದರೆ ತಂಗಿಗೆ ಪಾಲಿಲ್ಲವೇ?"

ಅರ್ಧ ನಿಜವಾದ ವಾಕ್ಯ

ಅರ್ಧ ನಿಜ ಪೂರ್ತಿ ಸುಳ್ಳಿಗಿಂತ ಕಷ್ಟ, ಏಕೆಂದರೆ ಕೂಡಲೇ ಕಣ್ಣಿಗೆ ಬೀಳದು. ಇಂಥ ಕಡೆ "ಯಾರಿಗೆ? ಯಾವ ಆಸ್ತಿಯಲ್ಲಿ? ಯಾವಾಗಿನಿಂದ?" ಎಂಬ ಮೂರು ಪ್ರಶ್ನೆ ಹಾಕತಕ್ಕದ್ದು.

ಯಾರಿಗೆ? ತಿದ್ದುಪಡಿಯಾದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ವೀರಶೈವರು, ಲಿಂಗಾಯತರು, ಜೈನರು ಮುಂತಾದವರಿಗೂ ಅದು ಅನ್ವಯವೆಂದು ಕಾಯ್ದೆಯಲ್ಲೇ ಇದೆ. ಮುಸ್ಲಿಮರಿಗೆ, ಕ್ರೈಸ್ತರಿಗೆ ಬೇರೆ ನಿಯಮಗಳುಂಟು. ಪರಿಶಿಷ್ಟ ಪಂಗಡದವರಿಗೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಅನ್ವಯಿಸದೆಂದು 2ನೆಯ ಪ್ರಕರಣ ಹೇಳುತ್ತದೆ. ಆದುದರಿಂದ "ಎಲ್ಲ" ಎಂಬ ಪದ ನಿಲ್ಲದು.

ಯಾವ ಆಸ್ತಿಯಲ್ಲಿ? ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೆ ಮಗನಂತೆ ಹುಟ್ಟಿನಿಂದಲೇ ಹಕ್ಕು. ತಂದೆಯ ಸ್ವಯಾರ್ಜಿತವನ್ನಾದರೆ ಅವನು ಇಷ್ಟಬಂದವರಿಗೆ ಉಯಿಲು ಬರೆಯಬಹುದು.

ಯಾವಾಗಿನಿಂದ? ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದಿತು. ಅದಕ್ಕೆ ಮುಂಚೆ ಮದುವೆಯಾದವರಿಗೆ ಅದು ಪಾಲು ಕೊಡಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಮದುವೆಯ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆ ಬದುಕಿರಬೇಕಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪು ನೀಡಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಾಯಿತ ಪತ್ರದಿಂದ ಇಲ್ಲವೆ ನ್ಯಾಯಾಲಯದ ಡಿಕ್ರಿಯಿಂದ ಆದ ವಿಭಾಗಕ್ಕೆ ತಿದ್ದುಪಡಿ ತಗಲುವುದಿಲ್ಲ.

ಇಷ್ಟನ್ನೂ ಕರಪತ್ರದಲ್ಲಿ ತುಂಬಬೇಕೆಂದಿಲ್ಲ. ಓದುವವರ ನಡೆಯನ್ನು ಬದಲಿಸುವ ಷರತ್ತು ಉಳಿಯಬೇಕು. ಬಾಕಿಯದಕ್ಕೆ "ವಕೀಲರನ್ನು ಕೇಳಿ" ಎಂದರೆ ಸಾಕು.

ಅರ್ಥವಾಗದ ವಾಕ್ಯ

ಮೂರನೆಯ ವಾಕ್ಯದಲ್ಲಿ ಇರುವುದು ಹಕ್ಕು ಬಿಡುಗಡೆ ಪತ್ರದ ವಿಚಾರ. ಅದನ್ನು ಹೀಗೆ ಬರೆಯಬಹುದು: "ನನ್ನ ಪಾಲು ಬಿಟ್ಟುಕೊಟ್ಟಿದ್ದೇನೆ ಎಂಬ ಪತ್ರಕ್ಕೆ ಸಹಿ ಹಾಕಿ ನೋಂದಣಿಯಾದರೆ, ಆಮೇಲೆ ಪಾಲು ಕೇಳುವುದು ಬಹಳ ಕಷ್ಟ. ಮೋಸದಿಂದ ಸಹಿ ಮಾಡಿಸಿದ್ದರೆ ಪತ್ರ ರದ್ದುಮಾಡಿಸಲು ದಾವೆ ಹೂಡಬಹುದು. ಸಂಗತಿ ತಿಳಿದಂದಿನಿಂದ 3 ವರ್ಷದೊಳಗೆ ಹೂಡಬೇಕು." ಬಿಡಿಸಿ ಬರೆದಾಗ ಮೂಲ ವಾಕ್ಯದ ಇನ್ನೊಂದು ಕೊರತೆಯೂ ಕಂಡಿತು: ಮೋಸಹೋದವರಿಗೆ ದಾರಿಯೇ ಇಲ್ಲವೆಂಬಂತೆ ಅದು ಹೇಳಿತ್ತು.

ಪಹಣಿ, ಖಾತೆ, ಪೋಡಿ, ಕ್ರಯಪತ್ರ, ಡಿಕ್ರಿ ಮೊದಲಾದವು ಹಳ್ಳಿಗರ ಬಾಯಲ್ಲಿರುವ ಮಾತುಗಳು. ಅವನ್ನು ತೆಗೆದು ಸಂಸ್ಕೃತ ಪದ ಹಾಕುವುದು ಸುಧಾರಣೆಯಲ್ಲ.

ಪರೀಕ್ಷಿಸುವ ವಿಧಾನ

ತಿದ್ದಿದ ಕರಡನ್ನು ಊರಿನ ನಾಲ್ಕೈದು ಜನರಿಗೆ ಓದಿ ಹೇಳಬೇಕು. ಅವರಲ್ಲಿ ಮದುವೆಯಾಗಿ ಬೇರೆ ಊರು ಸೇರಿದ ಹೆಣ್ಣುಮಗಳು ಒಬ್ಬಳಾದರೂ ಇರಲಿ. ಓದಿದ ನಂತರ ಕಾಗದ ಮಡಿಚಿಟ್ಟು ಕೇಳಬೇಕು: "ನಾಳೆ ಅಣ್ಣ ಬಂದು, ಸಾಲಕ್ಕೆ ಬೇಕು, ಇಲ್ಲೊಂದು ಸಹಿ ಹಾಕವ್ವಾ ಅಂದರೆ ಏನು ಮಾಡ್ತೀರಿ?" "ಅಣ್ಣ ಕೇಳಿದ ಮೇಲೆ ಹಾಕ್ತೀನಿ" ಎಂದು ಉತ್ತರ ಬಂದರೆ ಬೀಜ ಮೊಳೆತಿಲ್ಲ. "ಓದಿಸಿಕೊಂಡು, ವಿಚಾರಿಸಿ ಹಾಕ್ತೀನಿ" ಎಂದರೆ ಮೊಳೆತಿದೆ. ಅಣ್ಣನನ್ನು ಕಳ್ಳನೆಂದು ತೋರಿಸುವುದು ಕರಪತ್ರದ ಉದ್ದೇಶವಲ್ಲ; ತಿಳಿದು ಸಹಿ ಹಾಕಿದರೆ ನಂಟೂ ಉಳಿಯುತ್ತದೆ.

ಎಲ್ಲಿ ವಿಚಾರಿಸಬೇಕೆಂಬುದೂ ಅದೇ ಹಾಳೆಯಲ್ಲಿರಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಮೇರೆಗೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ದೊರೆಯುತ್ತದೆ. ಇದಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬಹುದು, ದೂರವಾಣಿ 15100.

ನೆನಪಿಡಬೇಕಾದ ಅಂಶಗಳು

1. ಕರಡಿನಲ್ಲಿ ಉಪಯುಕ್ತವಾದುದನ್ನು ಮೊದಲು ಹೇಳಿ, ಬಳಿಕ ಕೊರತೆ ತಿಳಿಸಬೇಕು.

2. ತಪ್ಪು, ಅರ್ಧ ನಿಜ, ಅರ್ಥವಾಗದ್ದು ಎಂದು ಬೇರ್ಪಡಿಸಿ ಗುರುತು ಹಾಕಬೇಕು.

3. ಕಾನೂನಿನ ವಿಷಯದಲ್ಲಿ ಕೊನೆಯ ಮಾತು ವಕೀಲರದು. ಅರ್ಥವಾಯಿತೇ ಎಂಬುದರಲ್ಲಿ ಕೊನೆಯ ಮಾತು ರೈತರದು.

4. ಭಾಷೆ ತಿದ್ದಿದ ಮೇಲೆ ಮತ್ತೊಮ್ಮೆ ವಕೀಲರಿಗೆ ತೋರಿಸಬೇಕು. ಸರಳ ಮಾಡುವಾಗ ಅರ್ಥ ಕೆಡುವುದುಂಟು.

5. ಬೀಜದ ಚೀಲದ ಮೇಲೆ ಇರುವಂತೆ ಕರಪತ್ರದ ಮೇಲೂ ತಿಂಗಳು, ವರ್ಷ ಅಚ್ಚಾಗಿರಬೇಕು. ಕಾಯ್ದೆ ಬದಲಾದ ಮೇಲೆ ಹಳೆಯ ಹಾಳೆ ಹಂಚಬಾರದು.