ಉದ್ಯಾನದ ಕಲ್ಲಿನ ರಚನೆಗಳು: ನೆಲಕ್ಕೆ ತಕ್ಕ ಅಡಿಪಾಯ, ಬಳಕೆಗೆ ತಕ್ಕ ಕಲ್ಲು

ಕುಷ್ಟಗಿ ತಾಲ್ಲೂಕು ಹಾಗೂ ನೆರೆಯ ಇಳಕಲ್ ಪರಿಸರದ ಕೆಂಪು ಗ್ರಾನೈಟ್ ಹೆಸರುವಾಸಿಯಾದುದು. ಆದರೆ ದೊಡ್ಡ ದಿಮ್ಮಿಗಳು ಮಾರಾಟವಾದ ಬಳಿಕ ಗಣಿಯಲ್ಲಿಯೂ ಕಟಿಂಗ್ ಘಟಕಗಳಲ್ಲಿಯೂ ಉಳಿಯುವ ತುಂಡುಗಳಿಗೆ ತಕ್ಕ ಬೆಲೆ ದೊರೆಯುವುದಿಲ್ಲ. ಕಾಲುದಾರಿಯ ಹಾಸು, ಆಸನ, ಮೆಟ್ಟಿಲು, ಗಿಡದ ಕಟ್ಟೆ, ಕಾರಂಜಿಯ ಅಂಚು ಮುಂತಾದ ಉದ್ಯಾನದ ರಚನೆಗಳಿಗೆ ಈ ತುಂಡುಗಳೇ ಸಾಕು. ಆದರೆ ಕೆಲಸವು ಒಂದೆರಡು ಮಳೆಗಾಲಗಳಲ್ಲಿ ಬಿರುಕುಬಿಟ್ಟರೆ ದೂರು ಬರುವುದು ಕಲ್ಲು ಪೂರೈಸಿದವರ ಮೇಲೆಯೇ. ಆದುದರಿಂದ ಈ ವ್ಯವಹಾರಕ್ಕಿಳಿಯುವ ಉದ್ಯಮಿಗಳು ಕೆಳಗಿನ ಅಂಶಗಳನ್ನು ತಿಳಿದಿರುವುದು ಅವಶ್ಯಕ.

1. ಮೊದಲು ನೆಲದ ಪರೀಕ್ಷೆ

ಯಲಬುರ್ಗಾ, ಕುಕನೂರು, ಮಂಗಳೂರು ಭಾಗದಲ್ಲಿ ಎರೆಭೂಮಿ ಹೆಚ್ಚು. ಎರೆಮಣ್ಣು ನೀರುಂಡಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲೆ ಎಂತಹ ಗಟ್ಟಿ ಕಲ್ಲನ್ನಿಟ್ಟರೂ ಈ ಏರಿಳಿತದಿಂದ ಹಾಸು ಅಲುಗಾಡುತ್ತದೆ, ಸಿಮೆಂಟಿನ ಸಂದುಗಳು ಬಿಡುತ್ತವೆ. ಇಂತಹ ಕಡೆ ಒಂದೂವರೆಯಿಂದ ಎರಡು ಅಡಿ ಎರೆಮಣ್ಣನ್ನು ತೆಗೆದು, ಗರಸನ್ನು ಆರು ಅಂಗುಲದ ಪದರಗಳಲ್ಲಿ ತುಂಬಿ, ನೀರು ಚಿಮುಕಿಸಿ ದಮ್ಮಸು ಮಾಡಿಸಬೇಕು. ಹಾಸುಗಲ್ಲನ್ನು ಉಸುಕಿನ ಮೇಲೆ ಕೂಡಿಸುವುದು ಲೇಸು. ಕದಲಿದ ಕಲ್ಲನ್ನು ಎತ್ತಿ ಮತ್ತೆ ಸರಿಪಡಿಸಬಹುದು. ಮಸಾರಿ ಭೂಮಿಯಲ್ಲಿ ಇಷ್ಟು ಆಳದ ಅಗೆತ ಸಾಮಾನ್ಯವಾಗಿ ಬೇಕಾಗದು. ಮಂಟಪ, ಎತ್ತರದ ಗೋಡೆಗಳಿಗೆ ಎಂಜಿನಿಯರರ ಸಲಹೆ ಪಡೆಯತಕ್ಕದ್ದು.

2. ಬಳಕೆಗೆ ತಕ್ಕ ವಸ್ತು

ನುಣುಪು ಪಾಲಿಶ್ ಮಾಡಿದ ಗ್ರಾನೈಟ್ ಒದ್ದೆಯಾದಾಗ ಜಾರುತ್ತದೆ. ನಡೆಯುವ ಜಾಗಕ್ಕೆ ಉಳಿಯಿಂದ ಕಚ್ಚು ಹಾಕಿದ ಅಥವಾ ಜ್ವಾಲೆ ಹಾಯಿಸಿ ಒರಟುಗೊಳಿಸಿದ ಕಲ್ಲನ್ನೇ ಕೊಡಬೇಕು. ಕಪ್ಪು ಕಲ್ಲು ಬಿಸಿಲಿಗೆ ಬೇಗ ಕಾಯುವುದರಿಂದ ಆಸನಕ್ಕೆ ತಿಳಿಬಣ್ಣದ ಕಲ್ಲು ಉತ್ತಮ. ಶಹಾಬಾದ ಫರ್ಸಿ ಅಗ್ಗವಾದರೂ ಅದು ಸುಣ್ಣಕಲ್ಲು. ಆಸಿಡ್ ಹಾಕಿ ತೊಳೆದರೆ ಮೇಲ್ಮೈ ಕೆಡುತ್ತದೆ. ಕೊಳವೆಬಾವಿಯ ಗಡಸು ನೀರು ಕಾರಂಜಿಯ ಅಂಚಿನಲ್ಲಿ ಬಿಳಿ ಕರೆ ಕಟ್ಟುತ್ತದೆ. ಹೊಳಪಿನ ಕಪ್ಪು ಕಲ್ಲಿನಲ್ಲಿ ಅದು ಎದ್ದು ಕಾಣುವುದರಿಂದ ಒರಟು, ತಿಳಿ ಕಲ್ಲನ್ನು ಆರಿಸುವುದು ಜಾಣತನ. ಬಳ್ಳಿಚಪ್ಪರದ ಮರದ ಕಂಬಗಳನ್ನು ಮಣ್ಣಿನಲ್ಲಿ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿದರೆ ಗೆದ್ದಲಿನ ಹಾವಳಿ ತಗ್ಗುತ್ತದೆ.

3. ಅಳತೆ ಮತ್ತು ತೂಕ

ಗ್ರಾನೈಟ್ ಘನ ಅಡಿಗೆ ಸುಮಾರು 75 ಕೆ.ಜಿ. ತೂಗುತ್ತದೆ. 2 ಅಡಿ ಚೌಕದ, 2 ಅಂಗುಲ ದಪ್ಪದ ಹಾಸು ಸುಮಾರು 50 ಕೆ.ಜಿ.; 5 ಅಡಿ ಉದ್ದ, ಒಂದೂವರೆ ಅಡಿ ಅಗಲ, 3 ಅಂಗುಲ ದಪ್ಪದ ಆಸನದ ಹಲಗೆ ಸುಮಾರು 140 ಕೆ.ಜಿ. ಸಾಗಣೆ ಹಾಗೂ ಕೂಲಿಯ ಖರ್ಚನ್ನು ಈ ಲೆಕ್ಕದ ಮೇಲೆಯೇ ದರಪಟ್ಟಿಯಲ್ಲಿ ಸೇರಿಸಬೇಕು. ಆಸನದ ಎತ್ತರ 16ರಿಂದ 18 ಅಂಗುಲ, ಮೆಟ್ಟಿಲಿನ ಎತ್ತರ 6 ಅಂಗುಲ, ಅಗಲ 12 ಅಂಗುಲ ಇರಲಿ. ಹಾಸಿನ ಮೇಲೆ ನೀರು ನಿಲ್ಲದಂತೆ ಐದು ಅಡಿಗೆ ಒಂದು ಅಂಗುಲ ಇಳಿಜಾರು ಕೊಡಬೇಕು.

4. ಹಂಪೆಯ ಪುಷ್ಕರಣಿಯ ಪಾಠ

1980ರ ದಶಕದ ಉತ್ಖನನದಲ್ಲಿ ಹಂಪೆಯ ರಾಜಾಂಗಣದಲ್ಲಿ ಬೆಳಕಿಗೆ ಬಂದ ಮೆಟ್ಟಿಲು ಪುಷ್ಕರಣಿಯ ಕಲ್ಲುಗಳ ಮೇಲೆ ದಿಕ್ಕು, ಸಾಲು, ಸ್ಥಾನಗಳನ್ನು ಸೂಚಿಸುವ ಗುರುತುಗಳಿವೆ. ಕಲ್ಲನ್ನು ಮೊದಲೇ ಕೆತ್ತಿ, ಗುರುತು ಹಾಕಿ, ಬಳಿಕ ಜೋಡಿಸುವ ಈ ಕ್ರಮವನ್ನು ಇಂದಿನ ಸಣ್ಣ ಘಟಕವೂ ಅನುಸರಿಸಬಹುದು. ಘಟಕದಲ್ಲಿಯೇ ತುಂಡುಗಳನ್ನು ಕತ್ತರಿಸಿ, ಒಮ್ಮೆ ಜೋಡಿಸಿ ನೋಡಿ, ಸಂಖ್ಯೆ ಹಾಕಿ ಕಳುಹಿಸಿದರೆ ಸ್ಥಳದಲ್ಲಿ ಒಡೆಯುವುದು, ತಪ್ಪುವುದು ಕಡಿಮೆಯಾಗುತ್ತದೆ. ಕತ್ತರಿಸುವಾಗ ನೀರು ಹರಿಸುವುದು ಹಾಗೂ ಕಾರ್ಮಿಕರಿಗೆ ತಕ್ಕ ಮುಖಗವಸು ಒದಗಿಸುವುದು ಕಡ್ಡಾಯವೆಂದು ಭಾವಿಸಬೇಕು. ಗ್ರಾನೈಟ್ ಧೂಳಿನ ಸಿಲಿಕಾ ಶ್ವಾಸಕೋಶಕ್ಕೆ ಮಾರಕ.

ಸಾರಾಂಶವಿಷ್ಟೆ: ಬರಿಯ ಕಲ್ಲನ್ನು ಚದರಡಿ ಲೆಕ್ಕದಲ್ಲಿ ಮಾರಿದರೆ ದರದ ಪೈಪೋಟಿ ತಪ್ಪದು. ನಕ್ಷೆ, ಸಂಖ್ಯೆ ಹಾಕಿದ ತುಂಡುಗಳು ಮತ್ತು ಅಡಿಪಾಯದ ಲಿಖಿತ ಸೂಚನೆ ಈ ಮೂರನ್ನೂ ಒಟ್ಟಿಗೆ ಪೂರೈಸಿದರೆ ಉಳಿಕೆ ತುಂಡಿಗೂ ತಕ್ಕ ಬೆಲೆ ಬರುತ್ತದೆ, ಗ್ರಾಹಕರ ವಿಶ್ವಾಸವೂ ಉಳಿಯುತ್ತದೆ.