ಮಜ್ಜಿಗೆಹುಲ್ಲಿನ ಎಣ್ಣೆಗೆ ಯಾವ ಕಾಯಿಲ್?

ಮಾರ್ಕೋನಹಳ್ಳಿಯಿಂದ ಬರೆದವರೇ, ಮಜ್ಜಿಗೆಹುಲ್ಲಿನ ಎಣ್ಣೆ ತೆಗೆಯಲು 20 ಲೀಟರಿನ ಸ್ಟೀಲ್ ಡ್ರಮ್ಮಿಗೆ ಅಗ್ಗದ ಕಾಯಿಲ್ ಯಾವುದೆಂದು ಕೇಳಿದ್ದೀರಿ. ಜೊತೆಗೆ ಸಾರಾಯಿಯ ಯೋಚನೆಯೂ ಇದ್ದರೆ ಇಲ್ಲಿಗೇ ಬಿಡಿ. ಪರವಾನಗಿಯಿಲ್ಲದೆ ಅದನ್ನು ಭಟ್ಟಿ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ.

ಹುಲ್ಲಿಗೆ 2,000 ವ್ಯಾಟಿನ ಗೀಸರ್ ಕಾಯಿಲ್ ಸಾಕು. 10 ಲೀಟರ್ ನೀರು ಕುದಿಯಲು ಅರ್ಧ ಗಂಟೆ, ಆಮೇಲೆ ಗಂಟೆಗೆ ಎರಡೂವರೆ ಲೀಟರಿನಷ್ಟು ಆವಿ. ಈ ಲೆಕ್ಕ 230 ವೋಲ್ಟಿನದು. ಪಂಪ್‌ಸೆಟ್‌ಗಳೆಲ್ಲ ಓಡುವಾಗ ವೋಲ್ಟೇಜ್ 180ಕ್ಕೆ ಇಳಿದರೆ ಅದೇ ಕಾಯಿಲ್ 1,200 ವ್ಯಾಟಿನಷ್ಟೇ ಕೊಟ್ಟೀತು. ಹಾಗೆಂದು 3,000ದ್ದು ತರಬೇಡಿ. ಕರೆಂಟು ಸರಿಯಿದ್ದಾಗ 13 ಆಂಪಿಯರ್ ಎಳೆಯುತ್ತದೆ, ಹಳೇ ವೈರು ತಡೆಯುವುದಿಲ್ಲ.

ಬಕೆಟ್ಟಿಗೆ ನೇತುಹಾಕುವ ರಾಡ್ ಇನ್ನೂ ಅಗ್ಗ, ನಿಜ. ಆದರೆ ಅದು ಮುಚ್ಚಿದ ಪಾತ್ರೆಗೆ ಮಾಡಿದ್ದಲ್ಲ. ವೈರು ಸೇರುವ ಜಾಗಕ್ಕೇ ಆವಿ ನುಗ್ಗುತ್ತದೆ. ಉಳಿತಾಯ ಬೇಕಿದ್ದರೆ ಡ್ರಮ್ಮನ್ನು ಸೆಕೆಂಡ್ ಹ್ಯಾಂಡ್ ತನ್ನಿ. 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಇವುಗಳಲ್ಲಿ ಜಿಪುಣತನ ಸಲ್ಲದು.

ಬೋರ್‌ವೆಲ್ ನೀರು ಗಡುಸಾದರೆ ಕಾಯಿಲ್ ಮೇಲೆ ಬಿಳಿ ಹೆಕ್ಕಳಿಕೆ ಕಟ್ಟಿ ಬೇಗ ಸುಡುತ್ತದೆ. ಮಳೆನೀರು ಹಿಡಿದಿಟ್ಟುಕೊಳ್ಳಿ, ಆಗಾಗ ನಿಂಬೆ ಉಪ್ಪಿನ ನೀರಲ್ಲಿ ತೊಳೆಯಿರಿ. ಹುಲ್ಲು ಕಾಯಿಲ್‌ಗೆ ತಾಗದಂತೆ ತೂತಿನ ತಟ್ಟೆಯ ಮೇಲಿರಲಿ. ಆವಿಯ ಕೊಳವೆ ಕಟ್ಟದಿರಲಿ, ಕೊನೆಯವರೆಗೂ ಕಾಯಿಲ್ ಮೇಲೆ ನಾಲ್ಕು ಬೆರಳು ನೀರು ನಿಂತಿರಲಿ.