ಪಂಚಮಿಗೆ ಬರುವ ಮುನ್ನ

ಧಾರವಾಡ

ಚಿ. ಸೌ. ಶೈಲಾ,

ಪಂಚಮಿಗೆ ಮಕ್ಕಳನ್ನೂ ಅತ್ತೆಯವರನ್ನೂ ಕರೆದುಕೊಂಡು ಪುಣೆಯಿಂದ ವ್ಯಾನಿನಲ್ಲೇ ಬರುತ್ತೀರೆಂದು ಕೇಳಿ ನಿನ್ನ ಕಾಕು ಈಗಲೇ ಅಳ್ಳು, ಉಂಡಿಯ ಮಾತೆತ್ತಿದ್ದಾಳೆ. ಬರ್ರಿ, ಮನೆ ತುಂಬಲಿ. ಆದರೆ ಬೆಳಿಗ್ಗೆ ಗಾಡಿ ಚಾಲೂ ಮಾಡಿದರೆ ಕಿರ್ರೆಂದು ಚೀರುತ್ತದೆ, ಬೆಲ್ಟ್ ಹೊಸದು ಹಾಕಿಸಿದರೂ ಮತ್ತೆ ಅದೇ ರಾಗ ಅಂದೆಯಲ್ಲ, ಅದನ್ನು ಹಾಗೇ ಬಿಟ್ಟು ಹೊರಡಬೇಡಿ. ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಸವೆದಿರಬೇಕೆಂದು ನನ್ನ ಮನಸ್ಸು ಹೇಳುತ್ತದೆ.

ನಿಮ್ಮ ಆಕುರ್ಡಿಯಲ್ಲಿ ಬಜಾಜ್ ಟೆಂಪೋದವರು ಮಟಾಡೋರ್ ಮಾಡುತ್ತಿದ್ದ ಕಾಲದ ಗಾಡಿಗಳಲ್ಲಿ ಈ ಭಾಗವೇ ಇರಲಿಲ್ಲ. ಬೆಲ್ಟ್ ಸಡಿಲಾದರೆ ಆಲ್ಟರ್ನೇಟರಿನ ಬೋಲ್ಟ್ ಬಿಚ್ಚಿ, ಸರಳಿನಿಂದ ಮೀಟಿ, ಮತ್ತೆ ಬಿಗಿಯುವುದು. ಹೆಬ್ಬೆರಳಿನಿಂದ ಒತ್ತಿ ನೋಡುವುದು. ಈಗ ಹಲವು ವ್ಯಾನುಗಳಲ್ಲಿ ಒಂದೇ ಉದ್ದನೆಯ ಗೀರುಬೆಲ್ಟು ಆಲ್ಟರ್ನೇಟರು, ವಾಟರ್ ಪಂಪು, ಎ.ಸಿ. ಕಂಪ್ರೆಸರು, ಪವರ್ ಸ್ಟಿಯರಿಂಗ್ ಪಂಪು ಎಲ್ಲವನ್ನೂ ತಿರುಗಿಸುತ್ತದೆ. ಅದನ್ನು ಸದಾ ಒಂದೇ ಹದದಲ್ಲಿ ಒತ್ತಿ ಹಿಡಿಯುವುದು ಸ್ಪ್ರಿಂಗಿನ ತೋಳು, ಅದರ ತುದಿಗೊಂದು ಪುಲ್ಲಿ. ಸ್ಪ್ರಿಂಗ್ ಸೋತಿತೋ, ಪುಲ್ಲಿಯ ಬೇರಿಂಗ್ ಒಣಗಿತೋ, ಎಷ್ಟು ಬೆಲ್ಟ್ ಬದಲಿಸಿದರೂ ಅಷ್ಟೇ.

ಗ್ಯಾರೇಜಿನಲ್ಲಿ ಬೆಲ್ಟಿಗೆ ಸ್ಪ್ರೇ ಹೊಡೆದು ಸದ್ದು ಅಡಗಿಸಲು ಬಂದರೆ ಬೇಡವೆನ್ನು. ಅದರ ಬದಲು ಎಂಜಿನ್ ನಿಧಾನ ತಿರುಗುವಾಗ ಬೆಲ್ಟಿನ ಗೀರುಗಳಿಗೆ ಮೆಕ್ಯಾನಿಕನಿಗೆ ಚೂರು ನೀರು ಸಿಂಪಡಿಸಲು ಹೇಳು. ಚೀರಾಟ ಇನ್ನೂ ಜೋರಾದರೆ ಬೆಲ್ಟ್ ಜಾರುತ್ತಿದೆ, ಬಿಗಿ ಸಾಲದು. ಗಳಿಗೆ ನಿಂತು ಮತ್ತೆ ಬಂದರೆ ಪುಲ್ಲಿಗಳ ಸಾಲು ಸೊಟ್ಟಗಿದೆ. ಟೆನ್ಷನರಿನ ತೋಳು ಅದುರುತ್ತಿದೆಯೇ, ಬೆಲ್ಟು ಪುಲ್ಲಿಯ ಅಂಚಿಗೆ ಸರಿದಿದೆಯೇ ದೂರದಿಂದ ನೋಡು. ಹತ್ತಿರ ಹೋಗುವಾಗ ಓಢಣಿ, ಜಡೆ ಜೋಕೆ ತಂಗೀ. ಎಂಜಿನ್ ನಿಲ್ಲಿಸಿ ಬೆಲ್ಟ್ ಕಳಚಿದ ಮೇಲೆ ಪುಲ್ಲಿಯನ್ನು ನೀನೇ ಬೆರಳಿನಿಂದ ತಿರುಗಿಸು. ಗರಗರ ಎಂದರೆ, ಅಲ್ಲಾಡಿದರೆ, ಬೇರಿಂಗ್ ಮುಗಿದಂತೆಯೇ.

ಬಿಡಿಭಾಗಕ್ಕೆ ನಾನಾ ಪೇಠೆಗೆ ಹೋಗಬೇಕಾದೀತು. ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗು, ಪಾರ್ಟ್ ನಂಬರ್ ಹೊಂದಿಸಿ ಕೊಳ್ಳು. ಬರೀ ಪುಲ್ಲಿ ಹಾಕಿದರೆ ಅಗ್ಗವೆನ್ನುತ್ತಾರೆ. ತೋಳು ಸೋತಿದ್ದರೆ ಪೂರ್ತಿ ಟೆನ್ಷನರೇ ಬೇಕು. ಕೆಲಸ ದೊಡ್ಡದಲ್ಲ. ಬೆಲ್ಟ್ ಯಾವ ಪುಲ್ಲಿಯ ಮೇಲೆ, ಯಾವುದರ ಕೆಳಗೆ ಹಾಯುತ್ತದೆಂದು ಬಿಚ್ಚುವ ಮೊದಲೇ ಫೋಟೊ ತೆಗೆ. ಬ್ಯಾಟರಿಯ ಮೈನಸ್ ತಂತಿ ಕಳಚಲಿ. ಪಾನಾ ಹಾಕಿ ತೋಳನ್ನು ತಿರುಗಿಸಿ ಬೆಲ್ಟ್ ತೆಗೆಯುವುದು, ಬೋಲ್ಟ್ ಬಿಚ್ಚಿ ಹೊಸದು ಕೂರಿಸುವುದು, ಕಂಪನಿ ಹೇಳಿದಷ್ಟೇ ಬಿಗಿಯುವುದು. ಕಡೆಗೆ ಪ್ರತಿ ಗೀರೂ ತನ್ನ ತನ್ನ ಕಾಲುವೆಯಲ್ಲಿ ಕೂತಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಒಂದು ಗೀರು ಹೊರಗೆ ಉಳಿದರೂ ಬೆಲ್ಟ್ ಚಿಂದಿಯಾಗುತ್ತದೆ.

ನಾನು ಇಷ್ಟು ಹೇಳುವುದಕ್ಕೆ ಶ್ರಾವಣದ ಮಳೆ ಕಾರಣ. ಕಾತ್ರಜ ದಾಟಿ ಖಂಬಾಟ್ಕಿ ಘಾಟಿ ಹತ್ತುವಾಗ ವೈಪರ್, ಲೈಟು, ಗಾಜಿನ ಮಂಜು ತೆಗೆಯುವ ಎ.ಸಿ. ಎಲ್ಲ ಒಟ್ಟಿಗೆ ನಡೆಯುತ್ತಿರುತ್ತವೆ. ಆ ಭಾರವೆಲ್ಲ ಈ ಬೆಲ್ಟಿನ ಮೇಲೆ. ಅದು ಕಳಚಿತೆಂದರೆ ಬ್ಯಾಟರಿಯ ಕೆಂಪು ದೀಪ ಹತ್ತುತ್ತದೆ, ಸ್ಟಿಯರಿಂಗ್ ಬಿರುಸಾಗುತ್ತದೆ, ನೀರಿನ ಪಂಪು ನಿಂತು ಎಂಜಿನ್ ಕಾಯುತ್ತದೆ. ಹಾಗಾದರೆ ಮುಂದಿನ ಹಳ್ಳಿಯವರೆಗೂ ಎಳೆಯುತ್ತೇವೆಂಬ ಆಸೆ ಬೇಡ. ಪಕ್ಕಕ್ಕೆ ಹಚ್ಚಿ ಎಂಜಿನ್ ಆರಿಸಿ. ಕಾದ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ.

ಆದ್ದರಿಂದ ಹಬ್ಬಕ್ಕೆ ವಾರ ಮೊದಲೇ ಕೆಲಸ ಮುಗಿಸಿ, ಊರೊಳಗೆ ಎರಡು ದಿನ ಓಡಿಸಿ ನೋಡಿ. ಇಲ್ಲಿಗೆ ಸುಮಾರು 420 ಕಿ.ಮೀ. ದಾರಿ, ನಸುಕಿನಲ್ಲೇ ಹೊರಡಿ. ಕರಾಡದಲ್ಲಿ ಚಹಾಕ್ಕೆ ನಿಂತಾಗ ಬಾನೆಟ್ ಎತ್ತಿ ಬೆಲ್ಟಿನ ಅಂಚು ಒಮ್ಮೆ ನೋಡಿಕೊಳ್ಳಲು ಅಳಿಯಂದಿರಿಗೆ ಹೇಳು. ನಿಪ್ಪಾಣಿ ದಾಟಿದ ಮೇಲೆ ಫೋನ್ ಮಾಡು, ಕಾಕು ಅನ್ನಕ್ಕೆ ಇಡುತ್ತಾಳೆ.

ನಿನ್ನ
ಕಾಕಾ